ಹಕ್ಕಿ ದ್ವೀಪಕ್ಕೆ ಒಬ್ಬರೇ

ಕ್ಷೌರದ ಕುರ್ಚಿಯಲ್ಲಿ ಕೂತಾಗ ಗುಮಾಸ್ತ ಬಾಯಿ ಬಿಡಬಾರದಿತ್ತು. ಆದರೆ ಕೆನ್ನೆಗೆ ಬೆಚ್ಚಗಿನ ನೊರೆ ಬಿದ್ದರೆ ಎಂಥವನ ಮನಸ್ಸೂ ಬೆಣ್ಣೆಯಾಗುತ್ತದೆ.

"ನಾಳೆ ರಜ ಹಾಕಿದೀನಿ," ಎಂದುಬಿಟ್ಟ. "ಬೆಳಗಾಗ್ತಿದ್ದ ಹಾಗೆ ದೋಣೀಲಿ ಬಂಡೆ ದ್ವೀಪಕ್ಕೆ. ಕಡಲಹಕ್ಕಿಗಳು ಮರಿ ಮಾಡಿವೆ. ಫೋಟೋ ತೆಗೀಬೇಕು."

ಸಲೂನಿನವನ ಕತ್ತಿ ಗಾಳಿಯಲ್ಲೇ ನಿಂತಿತು. "ಒಬ್ರೇನಾ ಸಾರ್?"

"ಒಬ್ನೇ."

ಆ ಒಂದು ಮಾತಿನ ಹಿಂದೆ ಎಷ್ಟೋ ವರ್ಷಗಳ ಆಸೆಯಿತ್ತು. ಗುಮಾಸ್ತನಿಗೆ ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಕೆಲಸ. ನಲ್ಲಿಯಲ್ಲಿ ನೀರು ಬಾರದವರು, ಬಂದರೆ ಬರೀ ಕೆಸರು ಬರುವವರು, ನಲ್ಲಿ ಬಿಟ್ಟು ಗೋಡೆಯಿಂದ ನೀರು ಬರುವವರು, ಎಲ್ಲರೂ ಆ ಕಿಟಕಿಗೆ ತಲೆ ತೂರಿಸಿ ಅವನನ್ನು ಏನಾದರೂ ಕೇಳುತ್ತಾರೆ. ಮನೆಗೆ ಬಂದರೆ ಮಕ್ಕಳಿಬ್ಬರು ಕೇಳುತ್ತಾರೆ. ಅವನನ್ನು ಏನೂ ಕೇಳದ ಜೀವಗಳೆಂದರೆ ಹಕ್ಕಿಗಳು ಮಾತ್ರ. ಮದುವೆ ಫೋಟೋ ತೆಗೆಯುವ ಗೆಳೆಯನೊಬ್ಬ ಫಿರಂಗಿಯಂಥ ಲೆನ್ಸನ್ನು ನಾಳೆ ಸಂಜೆಯವರೆಗೆ ಕೊಟ್ಟಿದ್ದ. ಇನ್ನು ಕೆಲವೇ ದಿನಕ್ಕೆ ಮರಿಗಳು ರೆಕ್ಕೆ ಬಲಿತು ಹಾರಿಹೋಗುತ್ತವೆ. ನಾಳೆ ತಪ್ಪಿದರೆ ಮುಂದಿನ ವರ್ಷವೇ.

"ನಾಳೆ ಅಂಗಡಿಗೂ ರಜ," ಎಂದು ಸಲೂನಿನವ ಇನ್ನೊಂದು ಕೆನ್ನೆಗೆ ತಿರುಗಿದ. "ನಾನೂ ಬರ್ತೀನಿ ಬಿಡಿ ಸಾರ್, ಒಬ್ರೇ ಯಾಕೆ ಹೋಗ್ತೀರ."

ಕುತ್ತಿಗೆಯ ಮೇಲೆ ಕತ್ತಿ ಇದ್ದುದರಿಂದ ಗುಮಾಸ್ತನಿಗೆ ಇಲ್ಲವೆನ್ನಲಾಗಲಿಲ್ಲ.

ಮನೆ ತಲುಪುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಬಂದು ಗೇಟಿನಲ್ಲಿ ಕಾಯುತ್ತಿತ್ತು. ಮಹಡಿ ಮನೆಯ ನಿವೃತ್ತ ಮೇಷ್ಟ್ರು ಬಿಸಿಲಿಗೆ ಬೋಳುತಲೆ ಹೊಳೆಯಿಸುತ್ತ ನಿಂತಿದ್ದರು. "ನಾಳೆ ಸ್ವೆಟರ್ ಬೇಕಾಗುತ್ತಾ? ದೋಣಿ ಮೇಲೆ ಗಾಳಿ ಹೇಗೆ? ಹಕ್ಕಿಗಳ ಬಗ್ಗೆ ಎಲ್ಲರಿಗೂ ನಾಕು ಮಾತು ಹೇಳೋಣ ಅಂತಿದೀನಿ. ದಾರಿಯುದ್ದಕ್ಕೂ."

ಒಳಗೆ ಹೆಂಡತಿಯ ತಮ್ಮ ಆಗಲೇ ಸೋಫಾದಲ್ಲಿ ಕಾಲು ಚಾಚಿದ್ದ. "ಭಾವ, ದೋಣಿ ಅಂದ್ರೆ ಹಾಡು ಇರ್ಬೇಕು. ಅದು ನನ್ನ ಜವಾಬ್ದಾರಿ. ನೀವು ತಲೆ ಕೆಡಿಸ್ಕೋಬೇಡಿ."

ಗುಮಾಸ್ತನ ತಲೆ ಕೆಟ್ಟಿತು. ಕೆಟ್ಟ ತಲೆಯಲ್ಲೇ ಒಂದು ಉಪಾಯವೂ ಹುಟ್ಟಿತು.

ಕಚೇರಿಗೆ ಹೊರಟವನು ಗೇಟಿನಲ್ಲಿ ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿದ. "ಮೇಷ್ಟ್ರೇ, ಮರಿ ಇದ್ದಾಗ ಆ ಹಕ್ಕಿಗಳು ಮನುಷ್ಯನ ತಲೆಗೇ ಎರಗ್ತವೆ. ಅದ್ರಲ್ಲೂ ಕೂದ್ಲಿಲ್ಲದ ತಲೆ ಕಂಡ್ರೆ ಯಾವುದೋ ದೊಡ್ಡ ಮೊಟ್ಟೆ ಅನ್ಕೊಂಡು ಕುಕ್ಕಿ ಕುಕ್ಕಿ ಒಡೀತವಂತೆ." ಮೇಷ್ಟ್ರ ಕೈ ತಾನಾಗಿ ತಲೆಯ ಮೇಲೆ ಹೋಯಿತು.

ದಾರಿಯಲ್ಲಿ ಸಲೂನಿನವನಿಗೆ, "ಅಲ್ಲಿನ ಹಿಕ್ಕೆ ಕೈ ಮೇಲೆ ಬಿದ್ರೆ ಬೆರಳು ತಿಂಗಳುಗಟ್ಲೆ ನಡುಗ್ತವಂತೆ. ಕತ್ತಿ ಹಿಡಿಯೋ ಕೈ, ಯೋಚ್ನೆ ಮಾಡು."

ಭಾವಮೈದನಿಗೆ ಫೋನಿನಲ್ಲಿ, "ಹಾಡು ಕೇಳಿದ್ರೆ ರೊಚ್ಚಿಗೇಳ್ತವೆ ಕಣೋ. ಹಿಂದೆ ಒಂದು ದೋಣೀನೇ ಮಗುಚಿದ್ವಂತೆ."

ಮಧ್ಯಾಹ್ನದೊಳಗೆ ಮೂವರಿಗೂ ತುರ್ತು ಕೆಲಸಗಳು ನೆನಪಾದವು. ಆ ದಿನ ಗುಮಾಸ್ತ ಕಿಟಕಿಗೆ ಬಂದವರನ್ನೆಲ್ಲ ನಗುನಗುತ್ತ ಮಾತಾಡಿಸಿದ. ಒಬ್ಬ ಮುದುಕ ಗಾಬರಿಯಾಗಿ ದೂರು ಹೇಳದೆಯೇ ವಾಪಸು ಹೋದ.

ಸಂಜೆ ಮನೆಯ ಬಾಗಿಲು ತೆಗೆದರೆ ಯಾರೋ ಸತ್ತಂಥ ಮೌನ. ಹೆಂಡತಿ ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದಳು. ಅಕ್ಕಪಕ್ಕ ಮೇಷ್ಟ್ರು, ಸಲೂನಿನವ, ಭಾವಮೈದ. ಮೂರು ಸುಳ್ಳುಗಳೂ ಅವಳ ಅಡುಗೆಮನೆಯಲ್ಲಿ ಒಂದನ್ನೊಂದು ಸೇರಿ, ತಲೆ ಒಡೆದು, ಕೈ ಬೀಳಿಸಿ, ದೋಣಿ ಮುಳುಗಿಸುವ ಒಂದೇ ರಾಕ್ಷಸ ಹಕ್ಕಿಯಾಗಿ ಬೆಳೆದಿದ್ದವು.

"ಇಷ್ಟೆಲ್ಲಾ ಗೊತ್ತಿದ್ದೂ ಹೋಗ್ತಿದೀರಲ್ಲ," ಎಂದಳು. "ಎರಡು ಮಕ್ಳಿದಾವೆ ಅನ್ನೋದಾದ್ರೂ ನೆನಪಿದ್ಯಾ?"

"ಕಳಿಸಬೇಡಮ್ಮ," ಎಂದರು ಮೇಷ್ಟ್ರು.

ಗುಮಾಸ್ತ ಇಕ್ಕಟ್ಟಿಗೆ ಸಿಕ್ಕಿಬಿದ್ದ. ಅಪಾಯ ನಿಜವೆಂದರೆ ಹೆಂಡತಿ ಬಿಡುವುದಿಲ್ಲ. ಸುಳ್ಳೆಂದರೆ ಈ ಮೂವರೂ ಮತ್ತೆ ದೋಣಿ ಹತ್ತುತ್ತಾರೆ. ಕೊನೆಗೆ ಅವಳ ಕಣ್ಣು ನೋಡಿ ಸೋತ.

"ಎಲ್ಲಾ ಸುಳ್ಳು. ನಾನೇ ಕಟ್ಟಿ ಹೇಳಿದ್ದು. ತಲೆ ಮೇಲೆ ಹಾರಾಡ್ತವೆ, ಒಂದು ಕೋಲು ಎತ್ತಿ ಹಿಡಿದ್ರೆ ಸಾಕು." ಕುರ್ಚಿಯಲ್ಲಿ ಕುಸಿದ. "ಬೆಳಗಾದ್ರೆ ಎಲ್ರೂ ನನ್ನ ಏನಾದ್ರೂ ಕೇಳ್ತಾನೇ ಇರ್ತಾರೆ. ಒಂದು ದಿನ, ಬರೀ ಒಂದು ದಿನ, ಯಾರೂ ಏನೂ ಕೇಳದ ಜಾಗದಲ್ಲಿ ಸುಮ್ನೆ ಕೂತಿರ್ಬೇಕು ಅನ್ನಿಸ್ತು. ಅಷ್ಟೇ."

ಸಲೂನಿನವ ಮೂಗು ಒರೆಸಿಕೊಂಡ. "ಮೊದಲೇ ಹೇಳ್ಬಾರ್ದಿತ್ತಾ ಸಾರ್. ನಾವೇನು ಕಲ್ಲಾ?"

"ನ್ಯಾಯವಾದ ಆಸೆ," ಎಂದರು ಮೇಷ್ಟ್ರು. "ಒಬ್ಬರೇ ಹೋಗಿಬನ್ನಿ." ಮೂವರೂ ಅವನ ಬೆನ್ನು ತಟ್ಟಿ ಹೊರಟರು.

ಹೆಂಡತಿ ಮಾತ್ರ ಕೂತಲ್ಲೇ ಕೂತಿದ್ದಳು. ಒಳಗಿನಿಂದ ಮಗಳು, "ಅಮ್ಮಾ, ನನ್ನ ಕೆಂಪು ಪೆನ್ಸಿಲ್ ಎಲ್ಲಿ?" ಎಂದು ಕೂಗಿದಳು. ಮಗ, "ಅಮ್ಮಾ, ಹಸಿವು," ಎಂದ. ಅವಳು ಇಬ್ಬರಿಗೂ ಉತ್ತರ ಕೊಟ್ಟು ಗಂಡನ ಕಡೆ ತಿರುಗಿದಳು.

"ಅಲ್ಲಿ ನಿಜವಾಗ್ಲೂ ಯಾರೂ ಏನೂ ಕೇಳಲ್ವಾ?"

"ಹಕ್ಕಿಗಳು ಕಿರುಚ್ತವೆ. ಆದ್ರೆ ನಮ್ಮನ್ನೇನೂ ಕೇಳಲ್ಲ."

"ಹಾಗೆ ಸುಮ್ನೆ ಕೂತಿರ್ಬೇಕು ಅಂತ ಬಾಯಿಬಿಟ್ಟು ಕೇಳಬಹುದು ಅನ್ನೋದೇ ನಂಗೆ ಇಷ್ಟು ವರ್ಷ ಗೊತ್ತಿರ್ಲಿಲ್ಲ ನೋಡಿ." ಅವಳು ಎದ್ದು ಕ್ಯಾಮೆರಾ ಚೀಲವನ್ನು ತೂಗಿ ನೋಡುವವಳಂತೆ ಎತ್ತಿ ಹೆಗಲಿಗೆ ಹಾಕಿಕೊಂಡಳು. "ದೋಣಿ ಎಲ್ಲಿಂದ ಹೊರಡುತ್ತೆ?"

"ಬೇಕಾದ್ರೆ ಇಬ್ರೂ ಹೋಗೋಣ. ಮಕ್ಕಳನ್ನ ನಿನ್ನ ತಮ್ಮ..."

"ಒಬ್ಳೇ," ಎಂದಳು.

ಆ ಮಾತಿನ ಹಿಂದೆ ಎಷ್ಟು ವರ್ಷಗಳಿವೆ ಎಂದು ಗುಮಾಸ್ತನಿಗಿಂತ ಚೆನ್ನಾಗಿ ಯಾರಿಗೂ ತಿಳಿಯುವಂತಿರಲಿಲ್ಲ. ಅವನು ದೋಣಿಕಟ್ಟೆಯ ದಾರಿ ಹೇಳಿದ. ಕ್ಯಾಮೆರಾದ ಯಾವ ಗುಂಡಿ ಒತ್ತಬೇಕೆಂದೂ ತೋರಿಸಿಕೊಟ್ಟ.

ಬೆಳಗ್ಗೆ ಅವಳು ತಿರುಗಿಯೂ ನೋಡದೆ ಹೋದಳು. ಮಕ್ಕಳು ಎದ್ದು, ಅಮ್ಮ ಎಲ್ಲಿ, ಕಾಲುಚೀಲ ಎಲ್ಲಿ, ಹಾಲು ಯಾಕೆ ಸೀದಿದೆ, ಆಕಾಶ ಯಾಕೆ ನೀಲಿ ಎಂದು ಕೇಳತೊಡಗಿದ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಮೇಷ್ಟ್ರು, ಸಲೂನಿನವ, ಭಾವಮೈದ ಸಾಲಾಗಿ ನಿಂತಿದ್ದರು.

"ವಿಷಯ ತಿಳೀತು," ಎಂದರು ಮೇಷ್ಟ್ರು, ಚಪ್ಪಲಿ ಬಿಡುತ್ತ. "ಒಬ್ಬರೇ ಇರೋಕಾಗ್ಲಿಲ್ವಲ್ಲ ಅಂತ ನಿಮಗೆ ತುಂಬ ಬೇಜಾರಾಗಿರುತ್ತೆ. ಸಂಜೆವರೆಗೂ ಜೊತೇಲಿರೋಣ ಅಂತ ಬಂದ್ವಿ."