ಓಡುವ ಹೆಂಗಸಿನ ಫೋಟೋ: ಪೇಟೆ ರಕ್ಷಣಾ ಮಂಡಳಿಗೆ ಒಂದು ವಿನಂತಿ

ಬೆಟಗೇರಿ, ೧೯೫೭ರ ಬೇಸಿಗೆ

ಪೇಟೆ ರಕ್ಷಣಾ ಮಂಡಳಿಯ ಘನ ಅಧ್ಯಕ್ಷರಾದ ಶ್ರೀ ಈಶಪ್ಪನವರ ಸನ್ನಿಧಿಗೆ,

ಮಾನ್ಯರೇ,

ನೇಕಾರ ಹೇಮಪ್ಪನ ಹೆಂಡತಿ, ಕನ್ನಡ ಏಳನೆಯ ಇಯತ್ತೆ ಪಾಸಾದ ಸಾವಂತ್ರೆವ್ವಳು ತಲೆಯ ಮೇಲೆ ಸೆರಗು ಹೊದ್ದು, ಎರಡೂ ಕೈ ಜೋಡಿಸಿ ತಮಗೆ ಮಾಡುವ ವಿನಂತಿ. ನನ್ನ ಗುರುತನ್ನು ತಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಸಂತೆಯ ಚೌಕದಲ್ಲಿ, ಗಾಜಿನ ಚೌಕಟ್ಟಿನೊಳಗೆ, 'ಎಚ್ಚರಿಕೆ! ಕಳ್ಳಿ' ಎಂಬ ಕೆಂಪು ಅಕ್ಷರಗಳ ಮೇಲೆ ಕಂಕುಳಲ್ಲಿ ಗಂಟು ಅವುಚಿಕೊಂಡು ಓಡುತ್ತಿರುವವಳು ನಾನೇ.

ಮುಂಬಯಿ ಸರಕಾರದ ಕೈಯಿಂದ ಬಿಡಿಸಿಕೊಂಡು ಕನ್ನಡ ನಾಡು ಒಂದಾದ ಸಂಭ್ರಮದಲ್ಲಿ ಬೇರೆ ಊರಿನವರು ಬರೀ ಪೇಢೆ ಹಂಚಿದರೆ, ತಾವು ಮಾತ್ರ ಕಳ್ಳತನವನ್ನೇ ಬೇರುಸಹಿತ ಕಿತ್ತುಹಾಕುವ ಕ್ಯಾಮೆರಾ ತಂದಿರಿ. ಅರಿವೆ ಅಂಗಡಿಯ ಮಹಡಿಯ ಮೇಲೆ ಅದನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಅದರ ಹಿಂದೆ ಫೋಟೋಗ್ರಾಫರ್ ಸಕ್ರಪ್ಪನನ್ನು ಕೂಡಿಸಿ, 'ಇಲ್ಲಿ ಎಲ್ಲರ ಮೇಲೂ ಕಣ್ಣಿದೆ' ಎಂಬ ಫಲಕ ಬರೆಸಿದಿರಿ. ಆ ದಿನದಿಂದ ನಮ್ಮ ಪೇಟೆಯ ಗಂಡಸರೆಲ್ಲ ತಲೆ ಬಾಚಿಕೊಂಡೇ ಸಂತೆಗೆ ಬರತೊಡಗಿದ್ದು ತಮ್ಮ ಮಂಡಳಿಯ ಮೊದಲ ವಿಜಯವೆಂದು ನಾನು ಮನಸಾರೆ ಒಪ್ಪುತ್ತೇನೆ.

ಎರಡನೆಯ ವಿಜಯ ನನ್ನದು. ಚೌಕದಲ್ಲಿ ಕುಬಸದ ಖಣ ಮಾರುವ ಅಮೀನಬಿ ಗಿರಾಕಿಯೊಬ್ಬಳಿಗೆ ಬಣ್ಣ ತೋರಿಸುತ್ತಿದ್ದಾಗ ಒಬ್ಬ ಅವಳ ಗಂಟನ್ನು ಕಸಿದುಕೊಂಡು ಓಡಿದ. "ಯವ್ವಾ, ನನ್ನ ಗಂಟು!" ಎಂದು ಅವಳು ಕೂಗಿದಳು. ಸಂತೆಯೆಲ್ಲ ಮಹಡಿಯ ಕಡೆಗೆ ಕತ್ತೆತ್ತಿ ನೋಡಿತು. ಕ್ಯಾಮೆರಾ ಇದ್ದ ಮೇಲೆ ಓಡುವ ಕಷ್ಟ ತಮಗೇಕೆ ಎಂದು ಎಲ್ಲರೂ ನಿಂತೇ ಬಿಟ್ಟರು. ಪಕ್ಕದಲ್ಲಿದ್ದ ನಾನು ಒಬ್ಬಳೇ ಬೆನ್ನು ಹತ್ತಿದೆ. ಮೂಲೆಯ ಬಂಡಿಗೆ ಎಡವಿ ಅವನು ಗಂಟನ್ನು ಚೆಲ್ಲಿ ಪಾರಾದ. ಅದನ್ನೆತ್ತಿಕೊಂಡು, ಅಮೀನಬಿ ಅಳುತ್ತಿದ್ದಾಳೆಂದು ಓಡುತ್ತಲೇ ಹಿಂದಿರುಗಿದೆ. ಸಕ್ರಪ್ಪ ಕ್ಯಾಮೆರಾದ ಮೇಲಿನ ಕರಿ ಬಟ್ಟೆ ಸರಿಸಿ, ಒಂದು ಕಣ್ಣು ಮುಚ್ಚಿ, ಗುಂಡಿ ಒತ್ತಿದ್ದು ಆಗ.

ರೀಲು ತುಂಬಿ, ಹುಬ್ಬಳ್ಳಿಗೆ ಹೋಗಿ, ತೊಳೆಸಿಕೊಂಡು ಬರುವವರೆಗೆ ಕಳ್ಳ ಇನ್ನೂ ಎಷ್ಟು ಗಂಟು ಹೊತ್ತನೋ ತಮ್ಮ ಕ್ಯಾಮೆರಾಕ್ಕೇ ಗೊತ್ತು. ಫೋಟೋ ಬಂದಾಗ ಅದರಲ್ಲಿ ಅವನಿರಲಿಲ್ಲ. ಸ್ಪಷ್ಟವಾಗಿ ಮೂಡಿದ್ದು ನನ್ನದೊಂದೇ ಮುಖ. ತಾವು ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಏರಿಸಿದಿರಿ.

ಮಗಳ ಮದುವೆಗೆಂದು ನಮ್ಮ ಮಗ್ಗಕ್ಕೆ ಸೀರೆ ಹೇಳಿದ್ದ ಹರ್ತಿಯ ರಾಮವ್ವ ಚೌಕದಲ್ಲಿ ಆ ಫೋಟೋ ನೋಡಿ, ನಮ್ಮ ಓಣಿಗೆ ಕಾಲಿಡದೆ ಹಿಂದಿರುಗಿದಳು. ಮುಕ್ಕಾಲು ನೆಯ್ದ ಸೀರೆ ಮಗ್ಗದ ಮೇಲೇ ನಿಂತಿತು. ನೀರಿಗೆ ಹೋದರೆ ಹೆಂಗಸರು ತಮ್ಮ ಕೊಡಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ನನ್ನ ಗಂಡ ಬೈಯಲಿಲ್ಲ. "ಸ್ವಲ್ಪ ದಿನ ಹೊರಗ ಹೋಗಬ್ಯಾಡ" ಎಂದಷ್ಟೇ ಅಂದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅಮೀನಬಿ ನನ್ನ ಕೈ ಹಿಡಿದು ತಮ್ಮ ಸಭೆಗೆ ಕರೆತಂದದ್ದು ತಮಗೆ ನೆನಪಿರಬಹುದು. "ಸಾಹುಕಾರ್ರ, ಗಂಟು ನಂದು. ತಂದುಕೊಟ್ಟಾಕಿ ಈಕಿ. ಇದರಾಗ ಕಳುವು ಎಲ್ಲೈತ್ರಿ?" ಎಂದು ಅವಳು ಕೇಳಿದಳು. ತಾವು ಮೀಸೆಯ ಮೇಲೆ ಕೈಯಾಡಿಸಿ, "ಅಮೀನಬಿ, ನಿಂದು ಬಾಯಿಮಾತು. ಇದು ಫೋಟೋ" ಎಂದು ಅಪ್ಪಣೆ ಕೊಡಿಸಿದಿರಿ. ಗಂಟು ಕಳೆದುಕೊಂಡವಳಿಗಿಂತ ಮಹಡಿಯ ಮೇಲಿನ ಡಬ್ಬಿಗೆ ಹೆಚ್ಚು ತಿಳಿದಿರುತ್ತದೆ ಎಂಬ ಆ ಜ್ಞಾನಕ್ಕೆ ನನ್ನ ಸಾಷ್ಟಾಂಗ ನಮಸ್ಕಾರ.

ಮರುಸಂತೆಯಿಂದ ಅಮೀನಬಿ ತನ್ನ ಜಾಗ ಬಿಟ್ಟು ನನ್ನ ಫೋಟೋದ ಕೆಳಗೇ ಚಾಪೆ ಹಾಸಿದಳು. ಖಣ ಕೊಳ್ಳಲು ಬಂದ ಪ್ರತಿಯೊಬ್ಬಳಿಗೂ ಮೊದಲು ನಡೆದದ್ದನ್ನು ಹೇಳಿ, ಆಮೇಲೆ ಬಣ್ಣ ತೋರಿಸಿದಳು. ಹೀಗೆ ಅದು ರಾಮವ್ವನ ಕಿವಿಗೂ ಬಿತ್ತು. ಅವಳು ನೇರ ನಮ್ಮ ಮನೆಗೆ ಬಂದು, ಹೊಸ್ತಿಲಲ್ಲೇ ನಿಂತು, "ತಪ್ಪಾತವ್ವಾ. ನನ್ನ ಮಗಳು ಉಡೂದು ನಿನ್ನ ಮಗ್ಗದ ಸೀರಿನ" ಎಂದಳು. ಆ ಮಧ್ಯಾಹ್ನವೇ ಮಗ್ಗ ಮತ್ತೆ ಸದ್ದು ಮಾಡಿತು.

ಕಳ್ಳನೂ ಸಿಕ್ಕ. ಕ್ಯಾಮೆರಾ ನೋಡದ ಹಿಂದಿನ ಓಣಿಯಲ್ಲಿ ಮೆಣಸಿನಕಾಯಿ ಮಾರುವ ಹನಮವ್ವ ಅವನ ಧೋತರದ ಚುಂಗು ಹಿಡಿದು ಕೂಗಿದಳು. ಅಲ್ಲಿ ಕತ್ತೆತ್ತಿ ನೋಡಲು ಮಹಡಿ ಇಲ್ಲದ್ದರಿಂದ ಜನ ಓಡಿ ಬಂದರು. ತಾವು ಅವನನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದಾಗ ಅವನು, "ಸ್ವಲ್ಪ ತಡೀರಿ" ಎಂದು ರುಮಾಲು ಸರಿಮಾಡಿಕೊಂಡನಂತೆ.

ಈಗ ತಾವು ನನ್ನ ಫೋಟೋವನ್ನು ಇಳಿಸದೆ, 'ಕಳ್ಳಿ' ಎಂಬುದನ್ನು ಅಳಿಸಿ, 'ಮಂಡಳಿಯ ಕ್ಯಾಮೆರಾ ಸೆರೆಹಿಡಿದ ವೀರವನಿತೆ' ಎಂದು ಬರೆಸಲಿದ್ದೀರೆಂಬ ಸುದ್ದಿ ಬಂದಿದೆ. ಒಂದೇ ಕ್ಯಾಮೆರಾ ಎರಡು ಸಲ ಗೆಲ್ಲುವುದೆಂದರೆ ಸಾಮಾನ್ಯವೇ! ಆದರೆ ನನಗೆ ಎರಡೂ ಹೆಸರು ಬೇಡ. ಬದಲಾಗಿ ಈ ಭಾಗದ ಕಳ್ಳರಿಗೆಲ್ಲ ತಾವೊಂದು ಸುತ್ತೋಲೆ ಹೊರಡಿಸಬೇಕು: ಮೋಡವಿರುವ ದಿನ ಕದಿಯಬಾರದು, ಕಸಿಯುವಾಗ ಮುಖ ಮಹಡಿಯ ಕಡೆಗಿರಬೇಕು, ಸಕ್ರಪ್ಪ ಒಂದು ಕಣ್ಣು ಮುಚ್ಚುವವರೆಗೆ ಅಲುಗಾಡಬಾರದು. ಶಿರಹಟ್ಟಿ, ಮುಂಡರಗಿ ಕಡೆಯ ಕಳ್ಳರಿಗೆ ಮುನ್ನಾದಿನವೇ ತಿಳಿಸಿದರೆ ಬಸ್ಸು ಹಿಡಿಯಲು ಅನುಕೂಲವಾದೀತು.

ಬಾಯಿಮಾತಿನವಳಾದ,
ತಮ್ಮ ವಿಶ್ವಾಸಿ
ಸಾವಂತ್ರೆವ್ವ

ತಾ.ಕ.: ಈ ಪತ್ರವನ್ನು ಮಂಡಳಿಯ ಬಾಗಿಲಿಗೆ ಅಂಟಿಸಲು ಬರುವ ಮೊದಲು, ಹಾಡಹಗಲೇ, ತುಂಬಿದ ಸಂತೆಯಲ್ಲಿ, ಚೌಕಟ್ಟನ್ನು ಗೋಡೆಯಿಂದ ನಾನೇ ಬಿಚ್ಚಿಕೊಂಡು ಮನೆಗೆ ಒಯ್ದಿದ್ದೇನೆ. ಸಕ್ರಪ್ಪ ಗುಂಡಿ ಒತ್ತಿದ್ದನ್ನು ಕಣ್ಣಾರೆ ಕಂಡೆ. ಅವನ ಅನುಕೂಲಕ್ಕೆಂದು ಮುಖವನ್ನು ಮಹಡಿಯ ಕಡೆಗೇ ಮಾಡಿ ನಿಂತಿದ್ದೆ. ಫೋಟೋ ತೊಳೆಸಿಕೊಂಡು ಬಂದ ಮೇಲೆ 'ಕಳ್ಳಿ' ಎಂದು ಧಾರಾಳವಾಗಿ ಬರೆಸಿರಿ. ಈ ಸಲ ತಮ್ಮ ಕ್ಯಾಮೆರಾ ನಿಜ ಹೇಳಿರುತ್ತದೆ.