ದೊರೆಗಳ ಕಮಾನಿಗೆ ಎಣ್ಣೆ

ನಲವತ್ತು ದಾಟಿದ ಗಂಡಸರಲ್ಲಿ, ಒಂದು ಕಾಲಕ್ಕೆ ಭಾರಿ ಆಟಗಾರನಾಗಿರದವನನ್ನು ನಾನಿನ್ನೂ ಕಂಡಿಲ್ಲ. ಒಬ್ಬ ಕುಸ್ತಿಯಲ್ಲಿ ಪೈಲ್ವಾನನನ್ನು ಎತ್ತಿ ಒಗೆದಿರುತ್ತಾನೆ, ಇನ್ನೊಬ್ಬ ತುಂಬಿದ ಹೊಳೆಯನ್ನು ಈಜಿರುತ್ತಾನೆ. ನೋಡಿದವರು ಮಾತ್ರ ಯಾರೂ ಸಿಗುವುದಿಲ್ಲ. ನನ್ನನ್ನೇ ತೆಗೆದುಕೊಳ್ಳಿ. ಹನೂರಿನಲ್ಲಿ ಚಿನ್ನಿದಾಂಡು ಆಡುವಾಗ ನಾನು ಹೊಡೆದ ಚಿನ್ನಿ, ಕೌದಳ್ಳಿ ಕಡೆಗೆ ಹೊರಟಿದ್ದ ಎತ್ತಿನಗಾಡಿಯೊಳಗೆ ಬಿದ್ದು ಊರನ್ನೇ ಬಿಟ್ಟುಹೋಯಿತು. ಮದುವೆಯಾದ ಹೊಸದರಿಂದಲೂ ಇದನ್ನು ಹೇಳುತ್ತಿದ್ದೇನೆ. ನನ್ನ ಹೆಂಡತಿ ಶಿವಮ್ಮ ಮಾತ್ರ, "ಓದ್ಸಲ ಯೋಳ್ದಾಗ ಗಾಡಿ ಕಾಮಗೆರೆ ಕಡೀಕೆ ಓಯ್ತಿತ್ತು ಕಣ್ರಿ" ಎನ್ನುತ್ತಾಳೆ. ಗಾಡಿ ಎಂದಮೇಲೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೋಗುವುದಿಲ್ಲವೇ?

ನಾನು ಕಂಡ ಆಟಗಾರರಲ್ಲಿ ನಿಜ ಹೇಳಿದವರು ಒಬ್ಬರೇ, ನಮ್ಮ ದೊರೆ. ಬಿಳಿಗಿರಿರಂಗನ ಬೆಟ್ಟದ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿದ್ದ ಕಾಲ ಅದು. ದೊರೆ ಐರ್ಲೆಂಡಿನವರು. ಯಾರಾದರೂ ಬಾಯ್ತಪ್ಪಿ ಇಂಗ್ಲಿಷ್ ದೊರೆ ಅಂದರೆ ಮುಖ ಕಾಫಿ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಕನ್ನಡವನ್ನು ತೋಟದ ಆಳುಗಳಿಂದಲೇ ಕಲಿತದ್ದರಿಂದ ನನಗೂ "ಏನ್ಲಾ", ಪೂಜಾರಿಗೂ "ಏನ್ಲಾ". ಒಮ್ಮೆ ಯಳಂದೂರಿನಿಂದ ಬಂದ ಅಮಲ್ದಾರರಿಗೂ "ಬಾ ಕಣ್ಲಾ" ಅಂದುಬಿಟ್ಟರು. ಪಾಪ, ಅಮಲ್ದಾರರು ಕಾಫಿಯನ್ನೂ ಮುಟ್ಟದೆ ಎದ್ದುಹೋದರು.

ಅವರ ದೇಶದಲ್ಲಿ ಹರ್ಲಿಂಗ್ ಎಂಬ ಆಟ ಇದೆಯಂತೆ. ಹಾಕಿಯ ಹಾಗೆ ಕೋಲು, ಚೆಂಡು. ಆದರೆ ಚೆಂಡು ತಲೆಯ ಮಟ್ಟದಲ್ಲಿ ಹಾರುತ್ತದೆ, ಕೋಲುಗಳೂ ಅಷ್ಟೇ. ದೊರೆ ಹುಡುಗನಾಗಿದ್ದಾಗ ಹಸು ಹೊಡೆದುಕೊಂಡು ಬರುತ್ತ ದಾರಿಯಲ್ಲೇ ಆಡಿ ಕಲಿತರು. ಆಮೇಲೆ ಊರಿನ ತಂಡ, ಆಮೇಲೆ ಜಿಲ್ಲೆಯ ತಂಡ, ಕೊನೆಗೆ ಇಡೀ ದೇಶದ ಫೈನಲ್. ಬೆರಳು ಮುರಿದಿದ್ದರೂ ಬಟ್ಟೆ ಸುತ್ತಿಕೊಂಡು, ಆಟ ಇನ್ನೇನು ಮುಗಿಯಿತು ಅನ್ನುವಾಗ ಗೋಲು ಬಾರಿಸಿ ಜಿಲ್ಲೆಗೆ ಕಪ್ ತಂದರು. ಜನ ಹೆಗಲ ಮೇಲೆ ಹೊತ್ತು ಮೆರೆಸಿದರು. ಪ್ರತಿ ಸಂಜೆ ಬಂಗಲೆಯ ಜಗಲಿಯಲ್ಲಿ ಇದೇ ಕಥೆ, ಕೇಳುವವನು ನಾನೊಬ್ಬನೇ. ನನ್ನ ಸಂಬಳದಲ್ಲಿ ಅರ್ಧ ಲೆಕ್ಕ ಬರೆಯುವುದಕ್ಕೆ, ಉಳಿದರ್ಧ "ಹೂಂ" ಅನ್ನುವುದಕ್ಕೆ ಎಂದು ನನ್ನ ಅಂದಾಜು.

ಗೋಲಿನ ಅಡ್ಡಕಂಬದ ಕೆಳಗೆ ಚೆಂಡು ಹೊಡೆದರೆ ಮೂರು, ಮೇಲೆ ಹೊಡೆದರೆ ಒಂದು ಎಂಬುದು ಆ ಆಟದ ಲೆಕ್ಕ. ಇದನ್ನು ದೊರೆಯ ಜಟಕಾ ಹೊಡೆಯುವ ಮಾದಪ್ಪನಿಗೆ ವಿವರಿಸಿದೆ. ಅವನು ಬೀಡಿ ಆರಿಸಿ, "ಕಷ್ಟಪಟ್ಟು ಮೇಕ್ಕೊಡೆದೋನ್ಗೆ ಕಮ್ಮೀನಾ ಸಾ? ಅಲ್ಲೂ ನಮ್ಮಂಗೇ ಅನ್ನಿ" ಎಂದು ನಿಟ್ಟುಸಿರು ಬಿಟ್ಟ.

ಪಕ್ಕದ ತೋಟದ ಇಂಗ್ಲಿಷ್ ದೊರೆ ಒಂದು ದಿನ, "ಅಂಥ ಆಟವೇ ಇಲ್ಲ, ಇದೆಲ್ಲ ನೀನು ಕಟ್ಟಿದ ಕಥೆ" ಎಂದು ನಕ್ಕುಬಿಟ್ಟ. ನಮ್ಮ ದೊರೆ ಕೆರಳಿದರು. ಯಳಂದೂರಿನ ಸ್ಕೂಲ್ ಮೈದಾನದಲ್ಲಿ, ಎಲ್ಲರ ಕಣ್ಣೆದುರು, ಒಂದು ತುದಿಯಿಂದ ಹೊಡೆದ ಚೆಂಡು ಇನ್ನೊಂದು ತುದಿಯ ಅಡ್ಡಕಂಬದ ಮೇಲೆ ಹಾರಬೇಕು. ಒಂದೇ ಏಟು. ತಪ್ಪಿದರೆ ಇನ್ನು ಬದುಕಿರುವತನಕ ಆ ಆಟದ ಮಾತೆತ್ತುವುದಿಲ್ಲ ಎಂದು ಪಂಥ ಕಟ್ಟಿದರು. ನನ್ನ ಸಂಜೆಗಳಿಗೆ ಬಿಡುಗಡೆಯಾಗುವ ಕಾಲ ಬಂತೆಂದು ಒಂದು ಗಳಿಗೆ ಖುಷಿಪಟ್ಟೆ. ಆಮೇಲೆ ಆ ಮಾತಿಲ್ಲದ ದೊರೆಯನ್ನು ನೆನೆದು, ಅವರೇ ಗೆಲ್ಲಲೆಂದು ಬೆಟ್ಟದ ರಂಗನಿಗೆ ಹರಕೆ ಹೊತ್ತೆ.

ಆ ಫೈನಲ್ ಆಡಿದ ಕೋಲು ಅವರ ಬಳಿ ಇತ್ತು. ತುದಿ ಅಗಲ, ಹಿಡಿ ಉದ್ದ. ಅದಕ್ಕೆ ಅವರ ಭಾಷೆಯಲ್ಲಿ ಕಮಾನ್ ಎಂದು ಹೆಸರು. ಅದನ್ನು ನನ್ನ ಕೈಗೆ ಕೊಟ್ಟು, "ಎಣ್ಣೆ ಹಚ್ಸು ಕಣ್ಲಾ" ಅಂದರು. ಅಷ್ಟರಲ್ಲಿ ತೋಟದ ಕೆಲಸಕ್ಕೆ ಅವರ ಜೊತೆ ಕೊಳ್ಳೇಗಾಲಕ್ಕೆ ಹೊರಡಬೇಕಾಯಿತು. ಕೋಲನ್ನು ನಮ್ಮ ಮನೆಯ ಬಾಗಿಲ ಬಳಿ ಒರಗಿಸಿ, ಮೋಟಾರು ಹತ್ತುತ್ತ ಶಿವಮ್ಮನಿಗೆ ಕೂಗಿದೆ: "ದೊರೆಗಳ ಕಮಾನಿಗೆ ಎಣ್ಣೆ ಹಾಕಿಸಿಡು, ಮರೀಬೇಡ!"

ಅವಳು ಮರೆಯಲಿಲ್ಲ. ಕೆಲವು ದಿನ ಬಿಟ್ಟು ನಾವು ಹಿಂದಿರುಗಿದಾಗ ದೊರೆಯ ಜಟಕಾದ ಕೆಳಗೆ ಎಣ್ಣೆಯ ಮಡು ನಿಂತಿತ್ತು. "ಅಮ್ಮಾರು ಯೋಳ್ದಂಗೆ ಡಬ್ಬಗಟ್ಲೆ ಅರಳೆಣ್ಣೆ ಕುಡ್ಸಿವ್ನಿ ಸಾ, ಇನ್ ಈ ಕಮಾನು ಕಿರ್ರ್ ಅಂದ್ರೆ ಕೇಳಿ" ಎಂದು ಮಾದಪ್ಪ ಗಾಡಿಯ ಸ್ಪ್ರಿಂಗ್ ಪಟ್ಟಿಗಳನ್ನು ತಟ್ಟಿ ತೋರಿಸಿದ. ನಾನು ಮನೆಗೆ ಓಡಿದೆ. ಅಡುಗೆಮನೆಯಲ್ಲಿ ಶಿವಮ್ಮ ಮಡಕೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಐರ್ಲೆಂಡಿನ ಕಪ್ ಗೆದ್ದ ಕೋಲಿನಿಂದ ರಾಗಿ ಮುದ್ದೆ ತಿರುವುತ್ತಿದ್ದಳು.

"ಅಯ್ಯಯ್ಯೋ, ಏನೇ ಇದು!"

"ಇಟ್ಟು ತಿರುವ್ತಾ ಇವ್ನಿ. ನಮ್ ಕೋಲು ಮುರ್ದೋಯ್ತು. ಇದ್ರಲ್ಲಿ ಒಂದ್ ಗಂಟೂ ಬೀಳಾಕಿಲ್ಲ ಕಣ್ರಿ."

"ಅದು ಕಮಾನು ಕಣೇ!"

"ಕಮಾನು ಗಾಡೀಲದೆ. ಇದು ಕೋಲು" ಎಂದು, ಜ್ವರ ಬಂದವನನ್ನು ನೋಡುವಂತೆ ನನ್ನನ್ನು ನೋಡಿದಳು.

ತೊಳೆದೆ, ಉಜ್ಜಿದೆ, ಬಿಸಿಲಿಗಿಟ್ಟೆ. ರಾಗಿಯ ಬಣ್ಣ ಹೋಗಲಿಲ್ಲ. ಪಂಥದ ದಿನ ಯಳಂದೂರಿನ ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ದೊರೆ ಕೋಲು ಹಿಡಿದು, ತಿರುಗಿಸಿ ನೋಡಿ, ಮೂಸಿದರು. "ಏನ್ಲಾ ರೈಟರ್, ಇಟ್ಟಿನ ವಾಸ್ನೆ?" ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಚೆಂಡನ್ನು ಮೇಲೆಸೆದು ಬೀಸಿದರು. ಅದು ಬಿದಿರಿನ ಅಡ್ಡಕಂಬವನ್ನು ದಾಟಿ, ಸ್ಕೂಲಿನ ಗೋಡೆಯನ್ನೂ ದಾಟಿ, ರಸ್ತೆಯಲ್ಲಿ ಹೋಗುತ್ತಿದ್ದ ಹುಲ್ಲಿನ ಗಾಡಿಯೊಳಗೆ ಬಿತ್ತು. ಗಾಡಿ ಹೊರಟೇಹೋಯಿತು! ಜನ ಹೋ ಎಂದರು. ಇಂಗ್ಲಿಷ್ ದೊರೆ ಟೊಪ್ಪಿಗೆ ತೆಗೆದ. ನಮ್ಮ ದೊರೆ ನನ್ನ ಹೆಗಲು ಹಿಡಿದು, "ಕಂಡೆಯೇನ್ಲಾ, ಕಂಡೆಯೇನ್ಲಾ" ಎಂದು ಕಣ್ಣೊರೆಸಿಕೊಂಡರು. ನನಗೂ ಕಣ್ಣು ತುಂಬಿತು. ಅಷ್ಟು ಸಂಜೆಗಳ "ಹೂಂ" ಆ ದಿನ ಸಾರ್ಥಕವಾಯಿತು.

ದೊರೆ ದೇಶಕ್ಕೆ ಹೊರಡುವಾಗ ಆ ಕೋಲನ್ನು ಕೊಟ್ಟದ್ದು ಕಥೆ ಕೇಳಿದ ನನಗಲ್ಲ, ಶಿವಮ್ಮನಿಗೆ. ಹೋಗಲಿ ಬಿಡಿ, ನನ್ನ ನಷ್ಟ ಅದಲ್ಲ. ಈಗ ನಾನು ಚಿನ್ನಿ ಗಾಡಿಯೊಳಗೆ ಬಿದ್ದದ್ದನ್ನು ಹೇಳಹೊರಟರೆ ಎದುರಿಗಿದ್ದವರು, "ಅದು ಐರ್ಲೆಂಡ್ ದೊರೆ ಒಡೆದದ್ದಲ್ವಾ ಸಾ?" ಎಂದು ನಗುತ್ತಾರೆ. ನಾನು ಇದನ್ನು ದೊರೆ ಹೊಡೆಯುವುದಕ್ಕಿಂತ ಮೊದಲೇ ಹೇಳುತ್ತಿದ್ದೆ ಎನ್ನುವುದಕ್ಕೆ ಭೂಮಿಯ ಮೇಲೆ ಇರುವ ಸಾಕ್ಷಿ ಒಂದೇ. ಮೊನ್ನೆ ನೆಂಟರ ಮುಂದೆ ಅಡುಗೆಮನೆಗೆ ಕೂಗಿದೆ: "ನೀನೇ ಹೇಳೇ, ಮೊದಲಿಂದ್ಲೂ ಹೇಳ್ತಿದ್ನೋ ಇಲ್ವೋ?"

ಮಡಕೆಯೊಳಗೆ ಕಮಾನು ತಿರುಗುವ ಸದ್ದು ಒಂದು ಗಳಿಗೆ ನಿಂತಿತು.

"ಗಾಡಿ ಯಾವ್ ಕಡೀಕೆ ಓಯ್ತಿತ್ತು, ಮೊದ್ಲು ಅದ ಸರ್ಯಾಗ್ ಯೋಳಿ."