ನಮ್ಮ ಮನೆಯ ಲೈಸೋಸೋಮ್

ಮನೆಯಲ್ಲಿ ತನ್ನ ಸ್ಥಾನ ಯಾವುದು ಎಂದು ಹೆಂಗಸಾದವಳು ಎಂದೂ ವಿಚಾರಿಸಲು ಹೋಗಬಾರದು. ವಿಚಾರಿಸದಿದ್ದರೆ ಮನೆಯ ಕಣ್ಣು, ಮನೆಯ ದೀಪ ಎಂದೆಲ್ಲ ತನ್ನಷ್ಟಕ್ಕೆ ತಾನು ಅಂದುಕೊಂಡು ಸುಖವಾಗಿರಬಹುದು. ನಾನೂ ಹಾಗೆಯೇ ಇದ್ದೆ. ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕ ಬಂದು ಎಲ್ಲವನ್ನೂ ಕೆಡಿಸಿತು.

ನಮ್ಮ ಮಗಳು ಅಕ್ಷತಾ ಹುಕ್ಕೇರಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಾಳೆ. ನಿಡಸೋಸಿಯಲ್ಲಿ ಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನವಿದೆಯೆಂದು ಜೀವಕೋಶದ ಚಾರ್ಟ್ ಬರೆಯಲು ಕೂತಳು. ಉಳಿದವರು ಥರ್ಮೋಕೋಲ್ ಕತ್ತರಿಸುತ್ತಿದ್ದರೆ ಇವಳು ನಮ್ಮ ಮನೆಯನ್ನೇ ಒಂದು ಜೀವಕೋಶ ಮಾಡಿಬಿಟ್ಟಳು. ನಡುವೆ ದೊಡ್ಡದಾಗಿ ಕೋಶಕೇಂದ್ರ, ಅದು ಪಪ್ಪಾ. ಯಾರಾದರೂ ಒಪ್ಪಬೇಕಾದ ಮಾತೇ. ಪಡಸಾಲೆಯ ನಟ್ಟನಡುವೆ ಸೋಫಾದ ಮೇಲೆ ಕೂತು ಎಲ್ಲ ದಿಕ್ಕಿಗೂ ಆಜ್ಞೆ ಕಳಿಸುವುದು, ತಾನು ಮಾತ್ರ ಕದಲದೇ ಇರುವುದು. ಸುತ್ತಲಿನ ಕೋಶಪೊರೆ ನಮ್ಮ ಅತ್ತೆ. ಪೊರೆ ಬೇಕಾದದ್ದನ್ನಷ್ಟೇ ಒಳಗೆ ಬಿಡುತ್ತದೆ ಎಂದು ಪುಸ್ತಕದಲ್ಲಿದೆ. ಬಾಗಿಲ ಕಟ್ಟೆಯ ಮೇಲೆ ಕೂತ ಅತ್ತೆ ತಮ್ಮ ಕೊಣ್ಣೂರಿನ ನೆಂಟರನ್ನು ಹಾಗೇ ಬಿಡುತ್ತಾರೆ, ನನ್ನ ತವರಿನವರನ್ನು ಕೊಂಚ ಸೋಸಿ ಬಿಡುತ್ತಾರೆ.

ನಾನು ಮೈಟೋಕಾಂಡ್ರಿಯಾಕ್ಕಾಗಿ ಕಾಯುತ್ತಿದ್ದೆ. ಗೋಕಾಕದ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಬೋರ್ಡಿನ ಮೇಲೆ ಅವರೆಕಾಳಿನಂಥ ಆಕಾರ ಬರೆದು, ‘ಇದು ಜೀವಕೋಶದ ಪವರ್ ಹೌಸ್’ ಎಂದಿದ್ದರು. ಗೋಕಾಕದ ಮಕ್ಕಳಿಗೆ ಪವರ್ ಹೌಸ್ ಎಂದರೆ ಒಂದೇ, ಫಾಲ್ಸಿನ ಬುಡದಲ್ಲಿರುವುದು. ಹೀಗಾಗಿ ನಮ್ಮ ಒಂದೊಂದು ಕೋಶದೊಳಗೂ ಘಟಪ್ರಭಾ ಧೋ ಎಂದು ಬೀಳುತ್ತಿದ್ದಾಳೆ ಎಂದು ನಾನು ಬಹುಕಾಲ ನಂಬಿದ್ದೆ. ಊಟವಾದ ಮೇಲೆ ಹೊಟ್ಟೆ ಗುಡುಗುಡು ಎಂದರೆ ನೀರು ಬಿಟ್ಟರು ಎಂದುಕೊಳ್ಳುತ್ತಿದ್ದೆ. ಆಮೇಲೆ ತಿಳಿಯಿತು, ಅಲ್ಲಿ ನೀರೂ ಇಲ್ಲ, ಸಪ್ಪಳವೂ ಇಲ್ಲ. ಉಂಡ ಅನ್ನದ ಸಕ್ಕರೆಯನ್ನೂ ಉಸಿರಿನ ಗಾಳಿಯನ್ನೂ ಸೇರಿಸಿ ಅದು ತೆಪ್ಪಗೆ ಶಕ್ತಿ ತಯಾರಿಸುತ್ತದೆ, ಹೊಗಳಿಕೆ ಕೇಳುವುದಿಲ್ಲ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವವಳಿಗೆ ಇದಕ್ಕಿಂತ ಒಪ್ಪುವ ಹುದ್ದೆ ಯಾವುದಿದೆ?

ಮಗಳು ಬರೆದಳು: ‘ಮೈಟೋಕಾಂಡ್ರಿಯಾ – ಗ್ಯಾಸ್ ಒಲೆ.’ ಆಮೇಲೆ ಮೂಲೆಯಲ್ಲಿ ಸಣ್ಣದೊಂದು ಬೂದು ಚೀಲ ಬಿಡಿಸಿ ಬರೆದಳು: ‘ಲೈಸೋಸೋಮ್ – ಮಮ್ಮಿ.’

“ಇದೇನ ಅಕ್ಷು?” ಎಂದೆ, ಆದಷ್ಟು ಮೆತ್ತಗೆ.

“ಕೋಶದಾಗ ಹಳೇದು, ಹಾಳಾದದ್ದು, ಉಳದದ್ದು ಎಲ್ಲಾ ಲೈಸೋಸೋಮ್ ತಿಂದು ಕರಗಸ್ತೈತಿ ಮಮ್ಮಿ. ನಮ್ಮನ್ಯಾಗ ಅದನ್ನ ಮಾಡಾಕಿ ನೀನ ಅಲ್ಲಾ?”

ಹುಡುಗಿ ಸುಳ್ಳು ಹೇಳಿರಲಿಲ್ಲ, ಅದೇ ಸಂಕಟ. ನಮ್ಮದು ಉಣ್ಣುವುದೆಲ್ಲ ಪ್ರಸಾದವೆಂದು ನಂಬಿ, ಅದನ್ನು ಕೆಡಿಸದ ಮನೆ. ಉಂಡ ತಾಟಿಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿದೇ ಏಳುತ್ತಾರೆ. ಒಂದು ಅಗುಳು ವ್ಯರ್ಥವಾಗುವುದಿಲ್ಲ. ಈ ಭಕ್ತಿಯೆಲ್ಲ ತಮ್ಮ ತಮ್ಮ ತಾಟಿನದು. ಪಾತ್ರೆಯ ತಳದಲ್ಲಿ ಉಳಿದದ್ದೂ ಪ್ರಸಾದವೇ, ಆದರೆ ಅದರ ಪುಣ್ಯವನ್ನು ಧಾರಾಳವಾಗಿ ನನಗೇ ಬಿಟ್ಟುಕೊಟ್ಟಿದ್ದಾರೆ. ನಿನ್ನೆಯ ಝುಣಕ, ಮೊನ್ನೆಯ ಬೇಳೆ, ಸೆಟೆದುಕೊಂಡ ಚಪಾತಿ. ಚೂರು ಮಾಡಿ ಒಗ್ಗರಣೆ ಹಾಕಿ ನಾನೇ ತಿಂದು ಮುಗಿಸುವುದು.

ಅಕ್ಷತಾ ಕೆಳಗೆ ಇನ್ನೊಂದು ಸಾಲು ಬರೆದು ಗಟ್ಟಿಯಾಗಿ ಓದಿದಳು: “ಲೈಸೋಸೋಮಿಗೆ ಆತ್ಮಹತ್ಯಾ ಸಂಚಿ ಅಂತನೂ ಅಂತಾರ.” ಕೋಶ ಕೆಟ್ಟಾಗ ಈ ಚೀಲ ಒಡೆದು ಕೋಶವನ್ನೇ ಕರಗಿಸುತ್ತದೆಂದು ಆ ಹೆಸರು. ಅತ್ತೆಗೆ ಸಂಚಿ ಎಂದರೆ ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಎಲೆ ಅಡಿಕೆ ಚೀಲ. ಗಾಬರಿಯಿಂದ ತಮ್ಮದನ್ನು ಮುಟ್ಟಿ ನೋಡಿಕೊಂಡು, “ಸಂಚ್ಯಾಗ ಸುಣ್ಣದ ಡಬ್ಬಿ ಇಡತಾರ, ಇಂಥಾದ್ದ್ಯಾಕ ಇಡತಾರವ್ವಾ? ಅದನ್ನ ಒಯ್ದು ನಿಮ್ಮವ್ವನ ಹೆಸರಿಗೆ ಹಚ್ಚಬ್ಯಾಡ, ಮಂದಿ ನಮಗ ಏನಂದಾರು!” ಎಂದರು. ಚಿಂತೆ ನನ್ನದಲ್ಲ, ಮಂದಿಯದು.

ನಾನು ಜಗಳವಾಡಲಿಲ್ಲ. ಕಾನ್ವೆಂಟಿನಲ್ಲಿ ಕಲಿತವರು ದನಿ ಏರಿಸುವುದಿಲ್ಲ, ಮುಗುಳ್ನಗುತ್ತಲೇ ಸೇಡು ತೀರಿಸುತ್ತಾರೆ. ಮರುದಿನದಿಂದ ಉಳಿದದ್ದನ್ನು ಮುಟ್ಟದೆ, ಚಂದದ ಡಬ್ಬಿಗಳಲ್ಲಿ ಹಾಕಿ ಫ್ರಿಜ್ಜಿನಲ್ಲಿ ಜೋಡಿಸುತ್ತ ಹೋದೆ. ಎಣ್ಣೆಗಾಯಿಯ ಮೇಲೆ ಉಪ್ಪಿಟ್ಟು, ಉಪ್ಪಿಟ್ಟಿನ ಮೇಲೆ ಸಾರು. ಒಂದು ವಾರ ಕಳೆಯುವುದರೊಳಗೆ ತಣ್ಣೀರಿಗೆಂದು ಬಾಗಿಲು ತೆರೆದ ಯಜಮಾನರು ಮೂಗು ಹಿಡಿದು ಹಿಂದೆ ಸರಿದರು.

“ಏನಿದು, ಫ್ರಿಜ್ಜೋ ಗಟಾರೋ?”

“ಲೈಸೋಸೋಮ್ ಕೆಲಸಾ ಬಿಟ್ಟೈತ್ರಿ,” ಎಂದೆ.

“ಹಂಗಾದ್ರ ಕೋಶದಾಗ ಕಸಾ ತುಂಬಿ ಕೋಶಕ್ಕ ಬ್ಯಾನಿ ಬರತೈತಿ ಪಪ್ಪಾ,” ಎಂದು ಮಗಳು ಪುಸ್ತಕ ನೋಡಿ ದೃಢಪಡಿಸಿದಳು.

“ಪ್ರಸಾದ ಹಿಂಗ ಕೊಳಸ್ತಾರೇನ?” ಎಂದು ಅತ್ತೆ ಬಾಗಿಲಿಂದಲೇ ಕೂಗಿದರು.

ತಾಲ್ಲೂಕು ಕಚೇರಿಯಲ್ಲಿ ಎಷ್ಟೋ ಧರಣಿ ಕಂಡ ಯಜಮಾನರು ಕೂಡಲೇ ಸಂಧಾನಕ್ಕಿಳಿದರು. “ಆತು, ನಿನಗೇನ ಬೇಕ ಹೇಳು.”

“ಮೈಟೋಕಾಂಡ್ರಿಯಾ.”

ಅವರು ಅರೆಕ್ಷಣ ಯೋಚಿಸಿ, “ಹುಕ್ಕೇರ್ಯಾಗ ಸಿಗೂದು ಸಂಶೇ. ಗೋಕಾಕಕ್ಕ ಹೋಗೂಣೇನು? ಸೀರಿಗೆಲ್ಲಾ ಏನೇನರ ಹೆಸರ ಇಡತಾರಪಾ,” ಎಂದರು.

ಮಗಳು ನಕ್ಕು ನಕ್ಕು, ಕಡೆಗೆ ಗ್ಯಾಸ್ ಒಲೆಯನ್ನು ಹೊಡೆದುಹಾಕಿ ಅಲ್ಲಿ ನನ್ನ ಹೆಸರು ಬರೆದಳು, ಲೈಸೋಸೋಮಿನ ಜಾಗ ಖಾಲಿ ಬಿಟ್ಟಳು. ನಿಡಸೋಸಿಯಲ್ಲಿ ಆ ಚಾರ್ಟಿನ ಮುಂದೆ ನಿಂತ ತಾಯಂದಿರು ನನ್ನನ್ನೂ ಚಾರ್ಟನ್ನೂ ಮತ್ತೆ ಮತ್ತೆ ನೋಡಿದರು. ಅಂದು ನಾನು ನೆಲದ ಮೇಲೆ ನಡೆಯಲಿಲ್ಲ ಎಂದರೂ ನಡೆದೀತು.

ಮರುದಿನ ಬೆಳಕು ಹರಿಯುವ ಮೊದಲೇ ಪಡಸಾಲೆಯಿಂದ ಕೋಶಕೇಂದ್ರದ ಆಜ್ಞೆ ಬಂತು: “ಏ ಮೈಟೋಕಾಂಡ್ರಿಯಾ, ಚಾ!” ಹಿಂದಿನಿಂದ ಅತ್ತೆ, “ನಂಗೂ ಒಂದ ಅರ್ಧಾ ಕಪ್ ಶಕ್ತಿ ಕೊಡವ್ವಾ,” ಎಂದರು. ಮೊದಲೆಲ್ಲ ಚಹಾ ಕೇಳುವಾಗ ದನಿಯಲ್ಲಿ ಒಂದಿಷ್ಟು ಸಂಕೋಚ ಇರುತ್ತಿತ್ತು. ಈಗ ಅದು ನನ್ನ ಹುದ್ದೆಯ ಕರ್ತವ್ಯ.

“ಹಂಗಾದ್ರ ಫ್ರಿಜ್ಜಿನ್ಯಾಗಿಂದು ಯಾರು ತಿನ್ನಾವ್ರು?” ಎಂದು ಕೇಳಿದೆ.

“ಹೊಸಬರು ಬರೂತನಾ ಆ ಕೆಲಸದ ಪ್ರಭಾರ ನಿನ್ನ ಕಡೇನ ಇರಲಿ,” ಎಂದರು ಯಜಮಾನರು. ಅವರ ಕಚೇರಿಯ ಪದ್ಧತಿ. ಹೊಸಬರು ಬಂದದ್ದನ್ನು ಅಲ್ಲಿಯೂ ಯಾರೂ ಕಂಡಿಲ್ಲ.

ಆಗ ಅಕ್ಷತಾ ಪುಸ್ತಕದಿಂದ ತಲೆ ಎತ್ತಿದಳು. “ಮಮ್ಮಿ, ಇಲ್ಲಿ ಕೇಳು. ಮೈಟೋಕಾಂಡ್ರಿಯಾ ದಣದು ಹಾಳಾದ್ರ ಅದನ್ನೂ ಲೈಸೋಸೋಮ್ ತಿಂತೈತಂತ!”

ಸೆಟೆದ ಚಪಾತಿಯನ್ನು ಚೂರು ಮಾಡುತ್ತಿದ್ದ ನನ್ನ ಕೈ ನಿಂತಿತು. ಅಂದರೆ ದಣಿದ ಮೇಲೆ ನನ್ನನ್ನು ನಾನೇ ತಿಂದುಕೊಳ್ಳಬೇಕು, ಮನೆಯವರಿಗೆ ಯಾವ ತೊಂದರೆಯೂ ಇಲ್ಲ. ಕಾನ್ವೆಂಟಿನಲ್ಲಿ ಸ್ವಾವಲಂಬನೆ ಎಂದು ಕಲಿಸಿದ್ದು ಇದನ್ನೇ ಇರಬೇಕು, ಅರ್ಥವಾಗಲು ಇಷ್ಟು ದೊಡ್ಡ ಬಡ್ತಿ ಬೇಕಾಯಿತು. ಒಗ್ಗರಣೆಗೆ ಸಾಸಿವೆ ಸಿಡಿಯಿತು. ಬೆಳ್ಳುಳ್ಳಿಯನ್ನು ಎರಡು ಎಸಳು ಹೆಚ್ಚಿಗೆ ಹಾಕಿದೆ. ತಿನ್ನುವವಳು ನಾನೇ ತಾನೆ, ರುಚಿಯಾಗಿಯೇ ಇರಲಿ.